ನೆಲ ತಣ್ಣಗಾದ ಮೇಲೆ

ತ್ರಿಯೆಸ್ತೆಯ ಹಳೇ ಬಂದರಿನ ಬೆನ್ನಿಗೆ
ಕಾಫಿಬೀಜದ ಕಂಪನಿ; ಅದರ ನೆಲಮಾಳಿಗೆಯಲ್ಲಿ
ಹದಿನೇಳು ಸರ್ವರುಗಳಿಗೆ ನಾನೊಬ್ಬನೇ ದಿಕ್ಕು.
ಗಾಳಿಗಳ ಹೆಸರಿಟ್ಟಿದ್ದ ನನಗಿಂತ ಹಿಂದಿನವನು:
ಬೋರಾ, ಶಿರೋಕ್ಕೊ, ಲಿಬೆಚ್ಚೊ.
ಗಾಳಿ ಮುಗಿದ ಮೇಲೆ, ಹೆಂಡತಿಯ ತಂಗಿಯರ ಹೆಸರು.

ಹೊರಗೆ ಬೋರಾ ಬೀಸಿದರೆ
ಊರಿಗೆ ಊರೇ ಕಂಬ ತಬ್ಬಿ ನಡೆಯುತ್ತದೆ.
ಒಳಗಿನ ಬೋರಾ
ಸಂಬಳದ ಪಟ್ಟಿ ಕೂಡುತ್ತ, ಕಳೆಯುತ್ತ
ಬಿಸಿಯುಸಿರು ಬಿಡುತ್ತಿತ್ತು.

ಮೊದಲ ವರ್ಷ ಪರಕಾಯ ಪ್ರವೇಶ.
ದಪ್ಪನೆಯದೊಂದು ಹೊಸ ಯಂತ್ರ ತರಿಸಿ
ಹದಿನೇಳು ಜೀವವನ್ನೂ ಅದರೊಳಗೆ ಇಳಿಸಿದೆ,
ಶನಿವಾರಕ್ಕೆ ಒಂದರಂತೆ, ರಾತ್ರಿ ಹನ್ನೊಂದರಿಂದ ನಾಲ್ಕು.
ಬೆಳಿಗ್ಗೆ ಎದ್ದ ಲಿಬೆಚ್ಚೊಗೆ ಏನೂ ತಿಳಿಯದು;
ಇಲ್ಲದ ಫ್ಲಾಪಿಯನ್ನೂ ತನ್ನದೆಂದೇ ಎಣಿಸಿ ತೋರಿಸಿತು.
ಹದಿನೇಳು ಒಕ್ಕಲು,
ಪ್ರತಿಯೊಂದಕ್ಕೂ ಮನೆ ತನ್ನೊಬ್ಬಳದೇ.
ನಲ್ಲಿಗೆ ಜಗಳವಿಲ್ಲ, ಮೆಟ್ಟಿಲಿಗೆ ಜಗಳವಿಲ್ಲ,
ಇಂಥ ವಠಾರ ನಾನು ಕಂಡವನಲ್ಲ.
ಆ ಚಳಿಗಾಲ ಮೇಲಿನ ಕೋಣೆಯಲ್ಲಿ
ಯಾರೋ ಸ್ವೆಟರ್ ತೊಟ್ಟರಂತೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ವರ್ಷ ಮಿಲಾನಿನಿಂದ ಸಲಹೆಗಾರ ಬಂದ.
ಪರದೆಯ ಮೇಲೆ ಒಂದು ಮೋಡ,
ಮಕ್ಕಳು ಬರೆಯುವಂಥದು: ಐದು ಉಬ್ಬು, ತಳ ಚಪ್ಪಟೆ.
ಬಾಣಗಳೆಲ್ಲ ಮೇಲಕ್ಕೇ.
ಬಳಸಿದಷ್ಟಕ್ಕೇ ಕಾಸು, ಅಂದ.
ಸಿನ್ಯೋರಾ ವಿದಾಲಿ ಕನ್ನಡಕ ಒರೆಸಿಕೊಂಡರು:
‘ಅದು ಇರುವುದು ಯಾವ ಊರ ಮೇಲೆ?’
‘ಫ್ರಾಂಕ್‌ಫರ್ಟಿನ ಹತ್ತಿರ.’
‘ಹಾಗಾದರೆ ನೆಲದ ಮೇಲೇ ಇದೆಯಲ್ಲ,’
ಎಂದು ಸಹಿ ಹಾಕಿದರು.

ಒಂದೊಂದೇ ಹೋದವು. ಕೊನೆಗೆ ಬೋರಾ.
ಫೆಬ್ರುವರಿಯ ಒಂದು ಗುರುವಾರ ಗುಂಡಿ ಒತ್ತಿದೆ;
ಸದ್ದು ನಿಂತ ಮೇಲೆಯೇ
ಇಷ್ಟು ವರ್ಷ ಸದ್ದಿತ್ತೆಂದು ಕಿವಿಗೆ ಗೊತ್ತಾದದ್ದು.
ಗುಜರಿಯವನು ಬಂದು, ಖಾಲಿ ಪೆಟ್ಟಿಗೆಗಳೂ ಸೇರಿ,
ಕಾಫಿಮೂಟೆಯ ತಕ್ಕಡಿಯಲ್ಲೇ ತೂಗಿದ:
ನಾನೂರ ಹನ್ನೆರಡು ಕಿಲೋ.
ಆಕಾಶಕ್ಕೆ ಏರಿದ್ದು ಎಷ್ಟು ತೂಕವೋ,
ಅವನ ಚೀಟಿಯಲ್ಲಿ ಅದಿಲ್ಲ.

ಸೋಮವಾರ ನೆರೀನಾ ಇಳಿದು ಬಂದಳು.
ಲೆಕ್ಕಪತ್ರದವಳು, ನನ್ನ ತಲೆಯ ಮೇಲಿನ ಕೋಣೆ,
ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಈ ಮೆಟ್ಟಿಲಿಳಿದವಳಲ್ಲ.
‘ನನ್ನ ಕಾಲು ತಣ್ಣಗಾಗಿದೆ,’ ಅಂದಳು.
ಅಷ್ಟೇ. ದೂರಿನಂತಲ್ಲ,
ಹವಾಮಾನ ಹೇಳುವವರಂತೆ.

ಪ್ರತಿ ಚಳಿಗಾಲ ಮೇಜಿನಡಿ ಶೂ ಕಳಚಿಟ್ಟು
ಬರಿಗಾಲು ನೆಲಕ್ಕೂರಿ ಕೂರುತ್ತಿದ್ದಳಂತೆ.
ಆಸ್ಟ್ರಿಯಾದವರ ಕಾಲದ ಕಟ್ಟಡ,
ಕಲ್ಲಿನ ಗುಣ ಅಂದುಕೊಂಡಿದ್ದಳು.
ಉಳಿತಾಯದ ಪಟ್ಟಿ ತೆಗೆದು ನೋಡಿದೆ:
ವಿದ್ಯುತ್ತು ಇದೆ, ಜಾಗ ಇದೆ, ವಿಮೆ ಇದೆ, ನಾನೂ ಇದ್ದೇನೆ,
ಅರ್ಧ ಸಂಬಳದಷ್ಟು.
ನೆರೀನಾಳ ಪಾದಕ್ಕೆ ಸಾಲಿಲ್ಲ.

ಇಪ್ಪತ್ತೊಂಬತ್ತು ಯೂರೋ ಕೊಟ್ಟು ಹೀಟರ್ ತಂದೆ.
‘ವಲಸೆಯ ಖರ್ಚು’ ಎಂದು ಬರೆದೆ.
ಬಿಲ್ಲು ಮಂಜೂರು ಮಾಡಬೇಕಾದವಳು ಅವಳೇ;
ಮೊದಲು ಶೂ ಕಳಚಿದಳು, ಆಮೇಲೆ ಸಹಿ.

ಈಗ ಖಾಲಿ ಕೋಣೆಯಲ್ಲಿ ಒಂದೇ ಕುರ್ಚಿ, ನಾನು,
ಫ್ರಾಂಕ್‌ಫರ್ಟಿನ ಹದಿನೇಳು ಹಸಿರು ಚುಕ್ಕೆ.
ತಲೆಯ ಮೇಲೆ ಸಣ್ಣದೊಂದು ಫ್ಯಾನು ತಿರುಗುತ್ತದೆ.
ಅದಕ್ಕಿನ್ನೂ ಹೆಸರಿಟ್ಟಿಲ್ಲ.