ವೇ ಬ್ರಿಜ್ ಹಿಂದಿನ ತರಗತಿ

ಹಿರೇಹಳ್ಳಿಯ ನಮ್ಮ ಫೌಂಡ್ರಿಯಲ್ಲಿ
ನೆಟ್‌ವರ್ಕ್ ಸಿಗುವುದು ಒಂದೇ ಕಡೆ:
ವೇ ಬ್ರಿಜ್ ಗೂಡಿನ ಹಿಂದೆ,
ಗುಜರಿ ರಾಶಿಗೆ ಬೆನ್ನು ಕೊಟ್ಟು ಕೂತರೆ.
ಸೆಕೆಂಡ್ ಶಿಫ್ಟಿನ ಊಟದ ಹೊತ್ತಿಗೆ ಅಲ್ಲಿ ನನ್ನ ಕಾಲೇಜು.
ತಲೆಕೆಳಗಾದ ಬಾಂಡ್ಲಿ ನನ್ನ ಬೆಂಚು,
ಯಾರದೋ ಹೊಲಿಗೆ ಮಷಿನ್ನಿನ ಕಾಲು ಮೇಜು,
ಅದರ ಮೇಲೆ ಮೊಬೈಲು, ಮೊಬೈಲಿನೊಳಗೆ ಮೇಷ್ಟ್ರು.
ಬಿಎಸ್ಸಿ ಮುಗಿಸಿ ಹದಿಮೂರು ವರ್ಷದ ಮೇಲೆ
ಚೀಟಿ ಎತ್ತಿ ಫೀಸು ಕಟ್ಟಿದ್ದೇನೆ.

ಮೇಷ್ಟ್ರು ಗೆರೆ ಎಳೆಯುತ್ತಾರೆ. ಅಡ್ಡಕ್ಕೆ ಇಂಗಾಲ, ಮೇಲಕ್ಕೆ ಶಾಖ.
ನಡುವೆ, ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಂಡ ಹಾಗೆ
ಬದುಗಳೋ ಬದುಗಳು.
ಒಂದೊಂದು ತುಂಡಿಗೂ ಪರದೇಶದ ಹೆಸರು.
ಸಿಮೆಂಟೈಟ್ ಅಂದದ್ದನ್ನು ಸಿಮೆಂಟ್ ಎಂದು ಬರೆದು ಹೊಡೆದುಹಾಕಿದೆ.

"ಒಂಬೈನೂರ ಹನ್ನೆರಡು ಡಿಗ್ರಿ ದಾಟಿದರೆ
ಶುದ್ಧ ಕಬ್ಬಿಣದೊಳಗೆ ಪರಮಾಣುಗಳು ಜಾಗ ಬದಲಿಸುತ್ತವೆ.
ಗಡ್ಡೆ ಗಡ್ಡೆಯಾಗಿಯೇ ಇರುತ್ತದೆ. ಹೊರಗಿನವರಿಗೆ ಗೊತ್ತಾಗದು."
ಆರು ಬಾಡಿಗೆ ಮನೆ ಬದಲಿಸಿದವಳು ನಾನು,
ಕ್ಯಾತ್ಸಂದ್ರದಲ್ಲೇ ಮೂರು.
ಪಾತ್ರೆ ಸದ್ದಾಗದೆ, ಹಾಲುಕ್ಕಿಸದೆ,
ನಿಂತಲ್ಲೇ ನಿಂತು ಮನೆ ಬದಲಿಸುವುದೆಂದರೆ!
ಮೇಷ್ಟ್ರು ಮುಂದೆ ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ಉಳಿದೆ.

ಕುಲುಮೆಯ ದಸ್ತಗೀರ್ ಸಾಬರಿಗೆ ನಕ್ಷೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ, ತಿರುಗಿಸಿ ಮುರುಗಿಸಿ ನೋಡಿ
"ಇದರಾಗೆ ವಾಸ್ನೆ ಎಲ್ಲೈತವ್ವಾ?" ಅಂದರು.
ಬಣ್ಣ ನೋಡಿಯೇ ಶಾಖ ಹೇಳುವ ಮನುಷ್ಯ,
ಮೀಟರಿಗೂ ಅವರಿಗೂ ಹತ್ತು ಡಿಗ್ರಿ ಆಚೀಚೆ.
ಆದರೆ ಗಂಧಕ ಕಣ್ಣಿಗೆ ಕಾಣುವುದಿಲ್ಲ.
ಎಂಬತ್ತನಾಲ್ಕು ಪಂಪ್ ಕೇಸಿಂಗು ಬಿರುಕು ಬಿಟ್ಟು
ಬಂದ ದಾರಿಯಲ್ಲೇ ಗುಜರಿಗೆ ಹೋದ ದಿನ
ಅವರು ಡಬ್ಬಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

"ತುಮಕೂರು, ಇದ್ದೀರಾ?"
ಹೆಸರು ಮರೆತು ಊರನ್ನೇ ಕೂಗಿದರು ಮೇಷ್ಟ್ರು.
ಮೈಕು ತೆರೆದೆ. ನನಗಿಂತ ಮೊದಲು ಕುಲುಮೆ ಮಾತಾಡಿತು,
ಗುಂಯ್ ಎಂದು, ಒಂದೇ ಶ್ರುತಿ.
ಭಿಲಾಯಿಯವರು, ರೂರ್ಕೆಲಾದವರು, ತೋರಣಗಲ್ಲಿನ ಇಬ್ಬರು
ಉಸಿರೆತ್ತಲಿಲ್ಲ.
"ಸದ್ದು ಸರ್, ಸಾರಿ."
"ಇರಲಿ ಬಿಡಿ. ನಾನು ಶಾಪ್ ಫ್ಲೋರ್ ಬಿಟ್ಟು ಹದಿನೆಂಟು ವರ್ಷ ಆಯ್ತು."
ಎರಡು ನಿಮಿಷ ಪಾಠವಾಗಲಿಲ್ಲ.

ಈ ವಾರ ದಣಿವಿನ ಪಾಠ.
ಲೋಹವೂ ದಣಿಯುತ್ತದಂತೆ.
ನಿದ್ದೆ ಮಾಡಿದರೆ, ಭಾನುವಾರ ಬಂದರೆ ಇಳಿಯುವ ದಣಿವಲ್ಲ ಅದು.
ಮರುದಿನ ಲಾರಿಯಿಂದ ಇಳಿದ ರಾಶಿಯಲ್ಲಿ
ಮುರಿದ ಆ್ಯಕ್ಸಲ್ ತುಂಡು ಸಿಕ್ಕಿತು. ಮುಖಕ್ಕೆ ಟಾರ್ಚು ಬಿಟ್ಟೆ.
ಅಂಚಿನಿಂದ ಒಳಕ್ಕೆ ಗೆರೆಯ ಹಿಂದೆ ಗೆರೆ,
ಬೇಸಿಗೆಯಲ್ಲಿ ಮೈದಾಳ ಕೆರೆ ಹಿಂದೆ ಸರಿಯುತ್ತ
ದಡದ ಮೇಲೆ ಬಿಟ್ಟುಹೋಗುವ ಗುರುತಿನಂತೆ.
ಒಂದೊಂದೂ ಗಾಡಿ ನಿಂತದ್ದರ, ಮತ್ತೆ ಹೊರಟದ್ದರ ಲೆಕ್ಕ.
ಕೊನೆಗೊಂದು ಒರಟು ಜಾಗ, ಅಚ್ಚುಬೆಲ್ಲ ಮುರಿದ ಹಾಗೆ.
ಅಲ್ಲಿ ಲೆಕ್ಕವಿಲ್ಲ.

ಅದನ್ನು ಕರಗಿಸಲು ಬಿಡಲಿಲ್ಲ. ಲ್ಯಾಬಿನ ಕಿಟಕಿಯಲ್ಲಿಟ್ಟಿದ್ದೇನೆ.
ತಿಂಗಳ ಸ್ಟಾಕಿನಲ್ಲಿ ಹನ್ನೊಂದು ಕೆಜಿ ಕಮ್ಮಿ ಬರುತ್ತದೆ, ಬರಲಿ.

ಮನೆಯಲ್ಲಿ, ಮಗಳು ಮಲಗಿದ ಮೇಲೆ, ತಪ್ಪಿದ ಪಾಠಗಳನ್ನು ತೆರೆಯುತ್ತೇನೆ.
ಪ್ರತಿ ಪಾಠದ ಕೆಳಗೂ ಕೆಂಪು ಗೆರೆ, ನಾನು ಎದ್ದುಹೋದಲ್ಲಿಗೆ ನಿಂತಿರುತ್ತದೆ:
ಆರನೇ ನಿಮಿಷ, ಹತ್ತೊಂಬತ್ತು, ಮೂವತ್ತೊಂದು.

ಇವತ್ತು ಇಪ್ಪತ್ತಾರಕ್ಕೆ ನಿಂತಿತು.
ದಸ್ತಗೀರ್ ಸಾಬರು ಇಕ್ಕಳ ಹಿಡಿದು ಬರುತ್ತಿದ್ದಾರೆ,
ತುದಿಯಲ್ಲಿ ತಟ್ಟೆ ಇಡ್ಲಿಯ ಮರಿಯಂಥ ಸ್ಯಾಂಪಲ್ಲು,
ಇನ್ನೂ ಕೆಂಪಗೆ.
"ಬೇಗ ಹೇಳವ್ವಾ, ಸುರಿಯಾದಾ ಬ್ಯಾಡಾ?"