ಬೇರೆ ಮಾಡಿಟ್ಟ ಕಾಳು

ಕಿಟುಯಿಯಲ್ಲಿ ಮೆಕ್ಕೆಜೋಳ ಒಣಗುವ ಮೊದಲೇ
ಮೋಡ ಕವಿಯಿತು.
ಕಸ್ಯೋಕಾ ಮೊರದಲ್ಲಿ ಕೇರಿ
ಹಸಿರು ಬೂಷ್ಟು ಹತ್ತಿದ್ದನ್ನು ಆರಿಸಿಟ್ಟಳು:
ಒಳ್ಳೆಯದು ಉಗಾಲಿ ಮುದ್ದೆಗೆ,
ಉಳಿದದ್ದು ಕೋಳಿಗೆ.
ಕೋಳಿಗೇನು, ಕಲ್ಲನ್ನೂ ಅರಗಿಸುತ್ತದೆ.

ಮೂರನೇ ವಾರಕ್ಕೆ ಜುಟ್ಟು ಬಿಳಿಚಿತು.
ಮೊಟ್ಟೆ ಎತ್ತಿಕೊಂಡರೆ ಬೆರಳಲ್ಲೇ ಒಡೆಯಿತು.
ಚುಕ್ಕೆ ಹೇಂಟೆ ರೆಕ್ಕೆ ಇಳಿಬಿಟ್ಟು,
ಯಾರದೋ ಮಾತಿಗೆ ಕಿವಿಗೊಟ್ಟಂತೆ ತಲೆ ಓರೆ ಮಾಡಿ
ಸಂಜೆಗೆ ಒರಗಿತು.

ಪಶುವೈದ್ಯ ಮುಲ್ವಾ
ಗೋಣಿಯ ಮೇಲೆ ಸೀಳಿ ತೋರಿಸಿದ:
ಲಿವರು ಹಳದಿ, ಹಳೇ ಬೆಣ್ಣೆಯಂತೆ ಜಾರುತ್ತಿತ್ತು.
‘ತೊಳೆದರೆ ಹೋಗುವುದಿಲ್ಲ ಇದು,
ಬೇಯಿಸಿದರೂ ಸಾಯುವುದಿಲ್ಲ.’

ಒಳಗೆ ಒಲೆಯ ಮೇಲೆ ಎಸರು ಕುದಿಯುತ್ತಿತ್ತು.
ಮೊಮ್ಮಗಳು ತಟ್ಟೆ ಬಡಿಯುತ್ತಿದ್ದಳು.

‘ಬೆಳ್ಳಗಿರುವ ಕಾಳಿನಲ್ಲೂ
ಇರುತ್ತದೆಯೇ?’ ಎಂದಳು ಕಸ್ಯೋಕಾ.

ಅವನು ಚಾಕು ಒರೆಸಿದ.
ಒರೆಸಿದ್ದನ್ನೇ ಮತ್ತೆ ಒರೆಸಿದ.