ಒಬಿಸ್ಪೊನಿಗೆ ಎರಡು ಸೂಜಿ

ಮೇ ತಿಂಗಳೆಂದರೆ ನಮ್ಮಲ್ಲಿ ಎಲೆ ಉದುರುವ ಕಾಲ.
ಕೊರಿಯೆಂತೆಸ್ ಸೀಮೆಯ ಜೌಗಿನಿಂದ ಮಂಜು ಎದ್ದು
ದೊಡ್ಡಿಯ ಬೇಲಿಯ ತನಕ ಬಂದು ನಿಲ್ಲುತ್ತದೆ,
ಒಳಗೆ ಬರಲೇ ಎಂದು ಕೇಳುವ ನೆಂಟನ ಹಾಗೆ.
ಸುಲ್ಮಾ ಡಾಕ್ಟರು ಹೆಗಲ ತನಕ ಕೈಚೀಲ ಏರಿಸಿ
ಹಸುವಿನ ಬಾಲ ಸರಿಸಿ, ತೋಳು ತೂರಿಸಿ
ಕಣ್ಣು ಮುಚ್ಚುತ್ತಾಳೆ.
ಅವಳ ಕಣ್ಣು ಈಗ ಬೆರಳಲ್ಲಿದೆ.
"ಗಬ್ಬ" ಅಂದರೆ ನಾನು ಗೀಟು ಎಳೆಯಬೇಕು.
"ಬರಿದು" ಅಂದರೆ ಸೊನ್ನೆ.

ಹೋದ ವರ್ಷ ಸೊನ್ನೆಗಳೇ ಸಾಲುಗಟ್ಟಿದವು.
ನೂರಾಹತ್ತರಲ್ಲಿ ನಲವತ್ತಮೂರು.
ಅಪ್ಪ, ಎಲೆವುತೇರಿಯೊ ಗೌನಾ,
ಈ ದೊಡ್ಡಿಗೆ ಮೂವತ್ತು ವರ್ಷದ ಮೇಸ್ತ್ರಿ,
ಮಾಟೆ ಕಷಾಯದ ಕೊಳವೆ ಬಾಯಿಂದ ತೆಗೆಯದೆ
"ಲಾರಿ ಕರೆಸು" ಅಂದ.
ಗೊಡ್ಡು ಹಸುವಿಗೆ ಹುಲ್ಲು ಹಾಕುವುದೆಂದರೆ
ಸತ್ತವನಿಗೆ ಸಾಲ ಕೊಟ್ಟ ಹಾಗಂತೆ.

ಲಾರಿ ಬಂತು. ಹಲಗೆಯ ಮೇಲೆ ಗೊರಸು ಜಾರುವ ಸದ್ದು.
ಕೊನೆಗೆ ಹತ್ತಿದವಳು ಮೊರೊತಿ, ಬಿಳಿ ಮುಖದವಳು.
ತಾಯಿ ಒದ್ದ ಕರು ಅದು, ನಾನು ಸೀಸೆಯಲ್ಲಿ ಕುಡಿಸಿ ಬೆಳೆಸಿದ್ದು.
ತಿರುಗಿ ನೋಡಿದಳೋ ಇಲ್ಲವೋ ಗೊತ್ತಿಲ್ಲ,
ಪುಸ್ತಕದಲ್ಲಿ ತಲೆ ಹುದುಗಿಸಿ ನಾನು
ಒಂದೇ ಮೊತ್ತವನ್ನು ಮತ್ತೆ ಮತ್ತೆ ಕೂಡುತ್ತಿದ್ದೆ.

ಹೋರಿಯ ಹೆಸರು ಒಬಿಸ್ಪೊ. ಅಂದರೆ ಬಿಷಪ್ಪ.
ಒಂಬತ್ತು ವರ್ಷ, ಸಾವಿರ ಕಿಲೋ, ಹಣೆಯ ತುಂಬ ಗುಂಗುರು.
ಮೆರ್ಸೇದೆಸ್ ಊರಿನ ಪ್ರದರ್ಶನದಲ್ಲಿ ಗೆದ್ದ ಪಟ್ಟಿ
ಅಡುಗೆಮನೆಯಲ್ಲಿದೆ, ಅಜ್ಜಿಯ ಫೋಟೋ ಪಕ್ಕ,
ಅಜ್ಜಿಗಿಂತ ಒಂದು ಗೇಣು ಮೇಲೆ.
ಅವನಿಗೇನಾಗಿತ್ತು? ಕೆಮ್ಮಿಲ್ಲ, ಕುಂಟಿಲ್ಲ, ಕೀವಿಲ್ಲ.
ಮೇವಿಗೆ ಕರೆದರೆ ಮೊದಲು ಓಡಿಬರುವವನು,
ಬೆದೆಯ ವಾಸನೆಗೆ ಅದಕ್ಕಿಂತ ಮೊದಲು.

ಸುಲ್ಮಾ ಅವನ ತೊಗಲ ಒರೆಯೊಳಗೆ ಕಡ್ಡಿಯಾಡಿಸಿ
ಹೆರೆದು ತೆಗೆದದ್ದನ್ನು ಸೀಸೆಗಿಳಿಸಿ ಕಳಿಸಿದಳು.
ಎರಡು ಸಲ ಇಲ್ಲವೆಂದ ಲ್ಯಾಬು
ಮೂರನೆಯ ಸಲ ಹೌದೆಂದಿತು.
"ವಯಸ್ಸಾದಷ್ಟೂ ತೊಗಲಿನ ಮಡಿಕೆ ಆಳ," ಅಂದಳು,
"ಅಲ್ಲಿ ಕೂತಿರುತ್ತವೆ."
ಚಿತ್ರ ಬರೆದು ತೋರಿಸಿದಳು: ಬಾಗಿದ ಕ್ರಿಮಿ,
ನನ್ನ ಕಣ್ಣಿಗೆ ಥೇಟು ಅಲ್ಪವಿರಾಮ.
ಹೋರಿಗೆ ಏನೂ ಮಾಡವು.
ಹಸುವಿನ ಬಸಿರೊಳಗೆ ಹೊಕ್ಕರೆ ಮಾತ್ರ
ವಾಕ್ಯವನ್ನು ಮುಗಿಯಗೊಡವು.

"ಹಸು ಕೆಟ್ಟರೆ ಹೋರಿ ಏನು ಮಾಡೀತು?"
ಅಪ್ಪ ಬೇಲಿಗೂಟಕ್ಕೆ ಕೇಳಿದ.
ಡಾಕ್ಟರು ಐಸ್ ಪೆಟ್ಟಿಗೆ ತೆರೆದಳು:
ಅರ್ಧ ಚೀಸು, ಎರಡು ಲಿಂಬೆ, ತಳದಲ್ಲಿ
ಹಾಲಿನ ಬಣ್ಣದ ಮದ್ದು.
"ರೋಗ ಬರದಿರಲಿ ಎಂದಲ್ಲವೇ ಲಸಿಕೆ?" ನಾನು ಕೇಳಿದೆ.
"ಬಂದದ್ದನ್ನೂ ಇದು ಓಡಿಸಬಹುದು.
ಬಹುದು."
ಕೊನೆಯದನ್ನು ಎರಡು ಸಲ ಹೇಳಿದಳು, ಎರಡನೆಯ ಸಲ ಮೆಲ್ಲಗೆ.

ಮೊದಲ ಸೂಜಿಗೆ ಒಬಿಸ್ಪೊ ಕಿವಿಯನ್ನಷ್ಟೇ ಅಲ್ಲಾಡಿಸಿದ.
ಮುಂದಿನದಕ್ಕೆ ನಾಲ್ಕು ವಾರ.
ಎರಡು ಎತ್ತುಗಳ ಜೊತೆ ಬೇರೆ ಗದ್ದಿಗೆಯಲ್ಲಿ
ಬಿಷಪ್ಪನಿಗೆ ನಿಜವಾದ ಬ್ರಹ್ಮಚರ್ಯ.
ಇಡೀ ರಾತ್ರಿ ತಂತಿಯಾಚೆಗೆ ಮುಖಮಾಡಿ ಗುಟುರುತ್ತಿದ್ದ.

ಎರಡನೆಯ ಸೂಜಿಯ ಹಿಂದಿನ ರಾತ್ರಿ
ಅಪ್ಪ ನನ್ನ ಪುಸ್ತಕ ತೆಗೆದ.
ಓದು ಬಾರದ ಬೆರಳು ಸೊನ್ನೆಗಳ ಮೇಲೆ ಇಳಿಯುತ್ತ ಬಂದು
ಮೊರೊತಿಯ ಸಾಲಿನಲ್ಲಿ ನಿಂತಿತು.
ಅದು ಅವಳದೆಂದು ಹೇಗೆ ತಿಳಿಯಿತೋ.
"ಅಳಿಸಬಹುದೇ?"
"ಶಾಯಿ, ಅಪ್ಪ."

ಕಂಬಳಿ ಹೊದ್ದು ಹೊರಗೆ ಹೋದ.
ಕತ್ತಲಲ್ಲಿ ಹೋರಿಯೊಡನೆ ಗುವರಾನಿಯಲ್ಲಿ ಏನೋ ಆಡುತ್ತಿದ್ದ.
ಆ ಭಾಷೆ ಅವನಿಗೆ ಬೇಕಾಗುವುದು ಎರಡಕ್ಕೇ:
ಬೈಯುವುದಕ್ಕೆ, ಮಕ್ಕಳನ್ನು ಮಲಗಿಸುವುದಕ್ಕೆ.
ಕಿಟಕಿಯಿಂದ ಕೇಳಿದರೆ
ಯಾವುದೆಂದು ಗೊತ್ತಾಗಲಿಲ್ಲ.

ಮತ್ತೆ ಮೇ. ಮತ್ತೆ ಮಂಜು.
ಕಟ್ಟೆಯೊಳಗೆ ಮೊದಲ ಹಸು, ಕೆಂಪಗಿನದು, ಚೊಚ್ಚಿಲು.
ಸುಲ್ಮಾಳ ತೋಳು ಒಳಗೆ, ಕಣ್ಣು ಮುಚ್ಚಿದೆ.
ಅಪ್ಪ ಕೊಳವೆಯನ್ನು ಬಾಯಿಂದ ತೆಗೆದು ಹಿಡಿದಿದ್ದಾನೆ.
ನನ್ನ ಪೆನ್ನಿನ ತುದಿಯಲ್ಲಿ ಶಾಯಿ
ಗೀಟೂ ಆಗದೆ, ಸೊನ್ನೆಯೂ ಆಗದೆ.
ಹಸು ಬಿಸಿಯುಸಿರು ಬಿಟ್ಟಿತು.

"ತಡಿ," ಅಂದಳು ಸುಲ್ಮಾ.